ಬಾಬಿನ್ ಕೇಸಿಗೆ ಬದಲು ಒಂದು ಮೊಟ್ಟೆ

೧೯೫೫ನೇ ಇಸವಿ. ನಾನಾಗ ಕಾಸರಗೋಡಿನ ಒಂದು ಹೊಲಿಗೆ ಯಂತ್ರದ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಕಾಸರಗೋಡು ಇನ್ನೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕು. ನನಗೆ ಇಪ್ಪತ್ತಾರು ವರ್ಷ. ಅಂಗಡಿಯಲ್ಲಿ ಮಾರಿದ ಯಂತ್ರ ಹಳ್ಳಿಯಲ್ಲಿ ಕೆಟ್ಟರೆ ಅದನ್ನು ಪೇಟೆಗೆ ಹೊತ್ತು ತರುವವರು ಯಾರು? ಆದ್ದರಿಂದ ಕಾಗದ ಬಂದ ಕಡೆಗೆ ನಾನೇ ಹೋಗಬೇಕಿತ್ತು. ತಗಡಿನ ಪೆಟ್ಟಿಗೆಯಲ್ಲಿ ಐದಾರು ಸ್ಕ್ರೂಡ್ರೈವರ್, ಒಂದಿಷ್ಟು ಸೂಜಿ, ಚರ್ಮದ ಬೆಲ್ಟು, ಎಣ್ಣೆಯ ಸೀಸೆ. ರೈಲು ಇರುವಲ್ಲಿಗೆ ರೈಲು, ಇಲ್ಲದಲ್ಲಿಗೆ ಕಾಲು.

ಆ ವರ್ಷ ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದು ನಾಲ್ಕೈದು ದಿನಗಳಾಗಿದ್ದವು. ಪುತ್ತಿಗೆಯಿಂದ ಐಸಮ್ಮ ಎಂಬವರ ಕಾರ್ಡು ಬಂತು. ಅವರ ಪರವಾಗಿ ಶಾಲೆಯ ಮಾಸ್ಟ್ರೊಬ್ಬರು ಬರೆದದ್ದು: ‘ಯಂತ್ರ ತಿರುಗುತ್ತದೆ, ಹೊಲಿಗೆ ಬೀಳುವುದಿಲ್ಲ. ಕೂಡಲೇ ಬರತಕ್ಕದ್ದು.’ ಬೆಳಗ್ಗಿನ ರೈಲಿನಲ್ಲಿ ಕುಂಬಳೆಗೆ ಹೋಗಿ ಅಲ್ಲಿಂದ ಎರಡು ಗಂಟೆ ನಡೆದೆ.

ಐಸಮ್ಮ ನಲವತ್ತೈದರ ಆಸುಪಾಸಿನ ಬ್ಯಾರಿ ಹೆಂಗಸು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಬೇಲಿಯಾಚೆಯ ಮನೆಯ ಗಿರಿಜಕ್ಕ ತುಳುವರು, ಮೂವತ್ತು ದಾಟಿರಲಿಲ್ಲ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಯಂತ್ರವನ್ನು ಇವರಿಬ್ಬರೂ ಸೇರಿ ಕೊಂಡಿದ್ದರು. ಅದು ಇದ್ದದ್ದು ಐಸಮ್ಮನ ಜಗಲಿಯಲ್ಲಿ. ಗಿರಿಜಕ್ಕ ಬಟ್ಟೆ ಕತ್ತರಿಸುವುದರಲ್ಲಿ ಗಟ್ಟಿಗರು, ಐಸಮ್ಮ ಹೊಲಿಯುವುದರಲ್ಲಿ. ಸುತ್ತಲಿನ ಊರಿನ ಮಕ್ಕಳ ಅಂಗಿ, ಹೆಂಗಸರ ರವಿಕೆ, ಗಂಡಸರ ಜುಬ್ಬ, ಎಲ್ಲ ಇವರ ಕೈಯಿಂದಲೇ ಹೊರಡುತ್ತಿತ್ತು.

ಆ ಮನೆಯಲ್ಲಿ ಮೂರನೆಯವನೊಬ್ಬನೂ ಇದ್ದ. ಸಾಕಿದ ಮುಂಗುಸಿ. ಗದ್ದೆಯ ಬದಿಯಲ್ಲಿ ಕಣ್ಣು ಬಿಡದ ಮರಿಯಾಗಿ ಅದು ಸಿಕ್ಕಿದ್ದು ಗಿರಿಜಕ್ಕನಿಗೆ. ಆದರೆ ಅವರ ಮನೆಯಲ್ಲಿ ಕೋಳಿಗಳಿದ್ದವು, ಐಸಮ್ಮನ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಮುಂಗುಸಿ ಐಸಮ್ಮನ ಪಾಲಾಯಿತು. ಯಾರೇ ಬಂದರೂ ಹಿಂಗಾಲಿನ ಮೇಲೆ ನೆಟ್ಟಗೆ ನಿಂತು, ತಪಾಸಣೆಗೆ ಬಂದ ಅಧಿಕಾರಿಯಂತೆ ನೋಡುತ್ತಿದ್ದುದರಿಂದ ಅದಕ್ಕೆ ‘ದೊರೆ’ ಎಂದು ಹೆಸರಿಟ್ಟಿದ್ದರು. ದೊರೆ ಮಲಗುವುದು ಕತ್ತರಿಸಿದ ಬಟ್ಟೆಯ ಬುಟ್ಟಿಯಲ್ಲಿ, ಅದೂ ಬಿಳಿ ಬಟ್ಟೆಯ ಮೇಲೆ ಮಾತ್ರ. ನಾನು ಪೆಟ್ಟಿಗೆ ತೆರೆದ ಕೂಡಲೇ ಬಂದು ಒಂದೊಂದೇ ಸ್ಕ್ರೂಡ್ರೈವರನ್ನು ಕಚ್ಚಿ ತೆಗೆದು ನೆಲದ ಮೇಲೆ ಹಾಕಿತು. ತಿನ್ನುವಂಥದು ಒಂದೂ ಇಲ್ಲವೆಂದು ಖಾತ್ರಿಯಾದ ಮೇಲೆ ಪೆಟ್ಟಿಗೆಯೊಳಗೆ ತಾನೇ ಕುಳಿತಿತು.

ಯಂತ್ರದ ತೊಂದರೆ ಕಂಡುಹಿಡಿಯಲು ಕಷ್ಟವಾಗಲಿಲ್ಲ. ಹೊಲಿಗೆಗೆ ಎರಡು ದಾರ ಬೇಕು. ಮೇಲಿನದು ಸೂಜಿಯಲ್ಲಿ ಇಳಿಯುತ್ತದೆ, ಕೆಳಗಿನದು ಬಾಬಿನ್ ಎಂಬ ಪುಟ್ಟ ಉರುಳೆಯಿಂದ ಬರುತ್ತದೆ. ಬಾಬಿನ್ ಕೂರುವ ಉಕ್ಕಿನ ಗೂಡು ಬಾಬಿನ್ ಕೇಸ್. ಹೆಬ್ಬೆರಳಿನ ತುದಿಯಷ್ಟು ದಪ್ಪದ, ಫಳಫಳ ಹೊಳೆಯುವ ವಸ್ತು. ಅದಿಲ್ಲದಿದ್ದರೆ ಚಕ್ರ ತಿರುಗುತ್ತದೆ, ಸೂಜಿ ಕುಣಿಯುತ್ತದೆ, ಬಟ್ಟೆಯಲ್ಲಿ ಸಾಲಾಗಿ ತೂತು ಬೀಳುತ್ತದೆ, ಅಷ್ಟೇ. ಇಲ್ಲಿ ಆ ಕೇಸೇ ಇರಲಿಲ್ಲ.

“ಮೊನ್ನೆ ಮಧ್ಯಾಹ್ನ ತೆಗೆದು ಗೆರಟೆಯಲ್ಲಿ ಇಟ್ಟದ್ದು ನಾನೇ. ಮತ್ತೆ ಕಾಣ್ಲಿಲ್ಲ,” ಎಂದರು ಐಸಮ್ಮ. ದಿನವೂ ಮಧ್ಯಾಹ್ನ ಕೇಸನ್ನು ಹೊರತೆಗೆದು, ನೂಲಿನ ಕಸ ಒರೆಸಿ, ಎಣ್ಣೆ ಹಚ್ಚಿ ತೆಂಗಿನ ಗೆರಟೆಯಲ್ಲಿ ಇಟ್ಟು ನಮಾಜಿಗೆ ಹೋಗುವುದು ಅವರ ಕ್ರಮ. ಎಣ್ಣೆ ಎಂದರೆ ತೆಂಗಿನೆಣ್ಣೆ. ಅದು ಕೆಲವು ದಿನಗಳಲ್ಲಿ ಅಂಟಾಗಿ ಯಂತ್ರವನ್ನು ಬಿಗಿಯುತ್ತದೆ, ಹಾಕಬೇಡಿ ಎಂದು ನಾನು ಹೇಳದ ಮನೆಯಿಲ್ಲ, ಕೇಳಿದ ಮನೆಯೂ ಇಲ್ಲ. ಎಲ್ಲಿಯೋ ಉರುಳಿ ಹೋಗಿರಬೇಕು ಎಂದುಕೊಂಡು ಹೊಸ ಕೇಸ್ ಹಾಕಿದೆ.

ಹೊರಡುವಾಗ ಬೇಲಿಯ ಹತ್ತಿರ ಗಿರಿಜಕ್ಕ ನನ್ನನ್ನು ನಿಲ್ಲಿಸಿದರು. “ಹಳೆಯ ಮೆಷಿನು ಎಲ್ಲಿಯಾದರೂ ಸಿಗ್ತದಾ? ಒಂದು ಬೇಕಿತ್ತು,” ಎಂದರು. ನೋಡುತ್ತೇನೆ ಎಂದೆ. ಅಷ್ಟರಲ್ಲಿ ಮರೆತ ಕೊಡೆಯ ನೆನಪಾಗಿ ಐಸಮ್ಮನ ಮನೆಗೆ ಹಿಂತಿರುಗಿದೆ. ಕೊಡೆ ತೆಗೆದುಕೊಳ್ಳುತ್ತ, ಏನೋ ಒಂದು ಮಾತಿರಲಿ ಎಂದು, “ಗಿರಿಜಕ್ಕ ಬೇರೆ ಮೆಷಿನು ತೆಗೆದುಕೊಳ್ಳುವ ಹಾಗೆ ಉಂಟಲ್ಲ,” ಎಂದುಬಿಟ್ಟೆ. ಐಸಮ್ಮ “ಹೌದಾ?” ಎಂದರು. ಅಷ್ಟೇ. ನಾನು ಹಗುರವಾಗಿ ನಡೆದುಬಂದೆ.

ಮೂರು ವಾರ ಕಳೆದು ಇನ್ನೊಂದು ಕಾರ್ಡು. ಕೇಸ್ ಮತ್ತೆ ಕಾಣೆ. ಅಷ್ಟರಲ್ಲಿ ರಂಜಾನ್ ಉಪವಾಸ ಶುರುವಾಗಿತ್ತು. ಉಪವಾಸ ಮುಗಿಯುವ ಪೆರ್ನಾಳ್ ಹಬ್ಬಕ್ಕೆ ಹನ್ನೆರಡು ದಿನ ಉಳಿದಿತ್ತು. ಅಂಗಡಿಯಲ್ಲಿ ಆ ಮಾದರಿಯ ಕೇಸ್ ಮುಗಿದಿತ್ತು. ಮದರಾಸಿನಿಂದ ಬರಲು ಎರಡು ತಿಂಗಳು. ಮ್ಯಾನೇಜರು ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರದಿಂದ ಒಂದನ್ನು ಕಳಚಿ ನನ್ನ ಕೈಗಿತ್ತು, “ಇದೂ ಹೋದರೆ ನನ್ನ ಹತ್ತಿರ ಬರಬೇಡ ಮಾರಾಯ,” ಎಂದರು.

ಪುತ್ತಿಗೆಗೆ ಹೋಗಿ ನೋಡಿದರೆ ಜಗಲಿಯ ಕಳೆಯೇ ಬೇರೆ. ಗಿರಿಜಕ್ಕ ಕೂರುತ್ತಿದ್ದ ಚಾಪೆ ಸುರುಳಿಯಾಗಿ ಗೋಡೆಗೆ ಒರಗಿತ್ತು. ಹಬ್ಬಕ್ಕೆಂದು ಮೂವತ್ತೆರಡು ಉಡುಪುಗಳ ಬಟ್ಟೆ ಕತ್ತರಿಸಿಟ್ಟದ್ದು ಹಾಗೆಯೇ ಇತ್ತು. ಬುಟ್ಟಿಯ ಬಿಳಿ ಬಟ್ಟೆಯ ಮೇಲೆ ದೊರೆ ನಿದ್ರೆಯಲ್ಲಿತ್ತು.

“ಗಿರಿಜಕ್ಕ ಎಲ್ಲಿ?” ಎಂದೆ.

“ಬರುವುದಿಲ್ಲ. ಐದು ದಿನ ಆಯ್ತು.” ಐಸಮ್ಮ ಮುಖ ಆಚೆ ತಿರುಗಿಸಿ ಹೇಳಿದರು. “ಮಧ್ಯಾಹ್ನ ನಾನು ನಮಾಜಿಗೆ ಒಳಗೆ ಹೋಗುವುದು. ಅವಳು ಅನ್ನ ಬೇಯಿಸ್ಲಿಕ್ಕೆ ಮನೆಗೆ ಹೋಗುವುದು. ಜಗಲಿಗೆ ಮೂರನೆಯವರು ಯಾರೂ ಬರುವುದಿಲ್ಲ. ನಾನು ಅವಳ ಹತ್ರ ಎಂತ ಕೇಳ್ಲಿಲ್ಲ ಮೇಸ್ತ್ರಿ. ಆದರೆ ಅವಳಿಗೆ ಬೇರೆ ಮೆಷಿನು ಬೇಕು ಅಂತ ನೀವೇ ಹೇಳಿದ್ದಲ್ವಾ?”

ಐಸಮ್ಮ ಬಾಯಿಬಿಟ್ಟು ಕೇಳಿರಲಿಲ್ಲ, ಆದರೆ ನೋಟದಲ್ಲಿ ಕೇಳಿದ್ದರು. ಗಿರಿಜಕ್ಕ ಅದನ್ನು ಓದಿಕೊಂಡು, ಕತ್ತರಿ ಇಟ್ಟು ಹೋಗಿದ್ದರು. ಆರು ವರ್ಷ ಒಂದೇ ಜಗಲಿಯಲ್ಲಿ ಕೂತ ಇಬ್ಬರ ನಡುವೆ ನಾನು ಕೊಡೆ ಎತ್ತಿಕೊಳ್ಳುತ್ತ ಆಡಿದ ಒಂದು ಮಾತು ಕೂತಿತ್ತು.

ಪೆಟ್ಟಿಗೆ ತೆರೆದು ಕೆಲಸಕ್ಕೆ ಕುಳಿತೆ. ಹೇಗೂ ಯಂತ್ರ ತೆಂಗಿನೆಣ್ಣೆಯ ಅಂಟಿನಿಂದ ಬಿಗಿದುಹೋಗಿತ್ತು. ಒಂದೊಂದೇ ಭಾಗ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ತಂದ ಬಾಬಿನ್ ಕೇಸನ್ನು ಕೊನೆಗೆ ಕೂರಿಸೋಣವೆಂದು ಪಕ್ಕದಲ್ಲಿದ್ದ ಗೆರಟೆಯಲ್ಲಿ ಹಾಕಿದೆ. ಅದರ ತಳದಲ್ಲಿ ಹಿಂದಿನ ತೆಂಗಿನೆಣ್ಣೆ ಸ್ವಲ್ಪ ಉಳಿದಿತ್ತು. ಮಧ್ಯಾಹ್ನವಾಯಿತು. ಐಸಮ್ಮ ನಮಾಜಿಗೆ ಒಳಗೆ ಹೋದರು. ನಾನು ಕೈ ತೊಳೆಯಲು ಬಾವಿಕಟ್ಟೆಗೆ ಹೋಗಿ ಬಂದೆ.

ಗೆರಟೆ ಮಗುಚಿತ್ತು. ಕೇಸ್ ಇರಲಿಲ್ಲ.

ಚಾಪೆ ಎತ್ತಿದೆ, ಪೆಟ್ಟಿಗೆ ಕೊಡವಿದೆ, ಪೆಡಲಿನ ಕೆಳಗೆ ತಡಕಿದೆ. ನಾಚಿಕೆಯಾದರೂ ಹೇಳುತ್ತೇನೆ, ಒಂದು ಕ್ಷಣ ಐಸಮ್ಮನ ಮೇಲೆಯೇ ಸಂಶಯ ಬಂತು. ಗಿರಿಜಕ್ಕನಂತೂ ಅಲ್ಲಿರಲಿಲ್ಲ, ಮನೆಯಲ್ಲಿ ಇನ್ನಾರಿದ್ದಾರೆ? ಅಷ್ಟರಲ್ಲಿ ಹಿತ್ತಿಲಿನ ಕಡೆಯಿಂದ ಒಂದು ಸದ್ದು. ಟಕ್. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಟಕ್.

ಹಿಂದಿನ ಬಾಗಿಲಿನಿಂದ ಇಣುಕಿದೆ. ಮುರಕಲ್ಲಿನ ಮೆಟ್ಟಿಲಿಗೆ ಬೆನ್ನು ಮಾಡಿ ದೊರೆ ನಿಂತಿತ್ತು. ಮುಂಗಾಲುಗಳಲ್ಲಿ ನನ್ನ ಬಾಬಿನ್ ಕೇಸ್. ಅದು ಸೊಂಟ ಬಗ್ಗಿಸಿ, ಹಿಂಗಾಲುಗಳ ನಡುವಿನಿಂದ ಕೇಸನ್ನು ಹಿಂದಕ್ಕೆ ರಪ್ಪನೆ ಎಸೆಯಿತು. ಕೇಸ್ ಕಲ್ಲಿಗೆ ಬಡಿದು ಉರುಳಿತು. ದೊರೆ ತಿರುಗಿ ಓಡಿ, ಒಡೆಯಿತೇ ಎಂದು ಮೂಸಿ ನೋಡಿತು. ಒಡೆದಿರಲಿಲ್ಲ. ಬಹಳ ಅಸಮಾಧಾನದಿಂದ ಅದನ್ನು ಮತ್ತೆ ಎಳೆತಂದು, ದೂರ ಅಳೆದು, ಮತ್ತೊಮ್ಮೆ ಎಸೆಯಿತು. ಟಕ್!

ಮುಂಗುಸಿ ಮೊಟ್ಟೆ ಒಡೆಯುವ ರೀತಿ ಅದು ಎಂದು ನನಗೆ ಆಗ ಗೊತ್ತಿರಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟೆ. ದೊರೆ ಕೇಸನ್ನು ಕಚ್ಚಿಕೊಂಡು ಮೈಯ ರೋಮವೆಲ್ಲ ನಿಮಿರಿಸಿ ಗುರ್ರೆಂದಿತು. ಹಿಂದೆ ಮೆಟ್ಟಿಲಿನ ಕಲ್ಲುಗಳ ನಡುವೆ ಒಂದು ಸಂದು ಬಾಯಿ ತೆರೆದಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಅದು ಒಳಗೆ ನುಗ್ಗುತ್ತಿತ್ತು, ಜಿಲ್ಲೆಗೇ ಉಳಿದ ಒಂದು ಬಾಬಿನ್ ಕೇಸನ್ನು ಕಚ್ಚಿಕೊಂಡು.

ನಮಾಜು ಮುಗಿಸಿ ಬಂದ ಐಸಮ್ಮ ನನ್ನ ಬೆನ್ನ ಹಿಂದೆ ನಿಂತು ಎಲ್ಲವನ್ನೂ ನೋಡಿದರು. “ಯಾ ಅಲ್ಲಾ,” ಎಂದರು ಮೆಲ್ಲಗೆ. ಮತ್ತೆ, “ವಾರಕ್ಕೆ ಒಂದು ಮೊಟ್ಟೆ ಗಿರಿಜ ತಂದು ಕೊಡ್ತಿದ್ದಳು ಅದಕ್ಕೆ. ಸೆಕೆಗೆ ಕೋಳಿ ಮೊಟ್ಟೆ ಇಡುವುದು ಕಡಿಮೆಯಾಗಿ ತಿಂಗಳಾಯ್ತು, ಇಟ್ಟದ್ದೆಲ್ಲ ಕಾವಿಗೆ.”

“ಒಂದು ಮೊಟ್ಟೆ ಸಿಕ್ಕಿದರೆ ಅದನ್ನು ಬಿಟ್ಟೀತು,” ಎಂದೆ.

“ಈ ಮನೆಯಲ್ಲಿ ಎಲ್ಲಿಂದ ಮೊಟ್ಟೆ?”

ಇಬ್ಬರೂ ಬೇಲಿಯ ಕಡೆ ನೋಡಿದೆವು. ಐಸಮ್ಮನ ಕೈ ತಲೆಯ ಬಟ್ಟೆಯ ಅಂಚನ್ನು ಹಿಂಡುತ್ತಿತ್ತು. ನಾನು ಹೋಗಿ ಕೇಳಬಹುದಿತ್ತು. ಆದರೆ ಅವರೇ ಮುಂದೆ ನಡೆದು, ಬೇಲಿಯ ಹತ್ತಿರ ನಿಂತು, ಐದು ದಿನಗಳ ಮೇಲೆ ಮೊದಲ ಸಲ ಕೂಗಿದರು. “ಗಿರಿಜಾ! ಓ ಗಿರಿಜಾ! ಒಂದು ಮೊಟ್ಟೆ ಕೊಡ್ತೀಯಾ?”

ಆಚೆ ಕಡೆ ಪಾತ್ರೆಯ ಸದ್ದು ನಿಂತಿತು. ಗಿರಿಜಕ್ಕ ಹೊರಗೆ ಬಂದು, ಮುಖ ಗಂಟಿಕ್ಕಿಕೊಂಡೇ, “ಉಪವಾಸದಲ್ಲಿ ಮೊಟ್ಟೆ ಎಂತಕ್ಕೆ ನಿಮಗೆ?” ಎಂದರು.

“ನನಗಲ್ಲ. ಕಳ್ಳನಿಗೆ. ಬಂದು ನೋಡು.”

ಗಿರಿಜಕ್ಕನ ಕಣ್ಣು ಬೇಲಿಯ ಮೇಲಿನಿಂದ ಮೆಟ್ಟಿಲಿಗೆ ಹೋಯಿತು. ಸರಿಯಾಗಿ ಆಗಲೇ ದೊರೆ ಇನ್ನೊಮ್ಮೆ ಎಸೆಯಿತು. ಅವರು ಒಳಗೆ ಹೋದರು. ಕಾವಿಗೆ ಕೂತಿದ್ದ ಹೇಂಟೆ ಕೊಕ್ಕೊಕ್ಕೆಂದು ಬೈಯುವುದು ಕೇಳಿತು. ಸೆರಗಿನಲ್ಲಿ ಮೊಟ್ಟೆ ಹಿಡಿದು ಬೇಲಿಯ ಸಂದಿನಿಂದ ಬಂದು, ಅದನ್ನು ಮೆಲ್ಲಗೆ ದೊರೆಯ ಕಡೆಗೆ ಉರುಳಿಸಿದರು.

ದೊರೆ ಮೊಟ್ಟೆ ನೋಡಿತು, ಬಾಯಿಯಲ್ಲಿದ್ದ ಉಕ್ಕು ಬಿಟ್ಟಿತು. ನಾನು ಹಾರಿ ಅದನ್ನು ಎತ್ತಿಕೊಂಡೆ. ಮೊಟ್ಟೆ ಒಂದೇ ಎಸೆತಕ್ಕೆ ಒಡೆಯಿತು. ಇಷ್ಟು ದಿನದ ಶ್ರಮ ಈಗ ಫಲಿಸಿತೆಂಬಂತೆ ದೊರೆ ನಮ್ಮ ಮೂವರನ್ನೂ ಒಮ್ಮೆ ನೋಡಿ, ಆಮೇಲೆ ನೆಕ್ಕತೊಡಗಿತು. ಗಿರಿಜಕ್ಕನಿಗೆ ನಗು ತಡೆಯಲಾಗಲಿಲ್ಲ. ಐಸಮ್ಮ ಮೆಟ್ಟಿಲ ಮೇಲೆ ಕುಳಿತು ನಕ್ಕರು. ನಗುತ್ತ ನಗುತ್ತ ಅವರ ಕಣ್ಣು ತುಂಬಿತು.

“ನೀವು ಒಂದು ಮಾತು ಕೇಳಬಹುದಿತ್ತಲ್ಲ ಐಸಮ್ಮ,” ಎಂದರು ಗಿರಿಜಕ್ಕ. “ಕೇಳಿದ್ದರೆ ಜಗಳವಾದರೂ ಆಗ್ತಿತ್ತು.”

“ಕೇಳ್ಲಿಕ್ಕೆ ನಾಲಿಗೆ ಬರ್ಲಿಲ್ಲ ಗಿರಿಜ. ನೀನು ಬೇರೆ ಮೆಷಿನು ತಗೊಂಡು ಹೋಗ್ತೀ ಅಂತ ಹೆದರಿಕೆ ಇತ್ತು. ಕೇಸ್ ಹೋದದ್ದಕ್ಕಿಂತ ಅದೇ ದೊಡ್ಡ ಹೆದರಿಕೆ.”

“ಬೇರೆ ಮೆಷಿನಾ? ಅದು ಅಡೂರಿನಲ್ಲಿರುವ ನನ್ನ ತಂಗಿಗೆ! ಅವಳಿಗೆ ಕಲಿಯುವ ಆಸೆ ಉಂಟು. ನಿಮಗೆ ಯಾರು ಹೇಳಿದ್ದು?”

ಇಬ್ಬರೂ ನನ್ನತ್ತ ತಿರುಗಿದರು. ಆ ಹೊತ್ತಿಗೆ ಅಡಗಿಕೊಳ್ಳಲು ಮೆಟ್ಟಿಲಿನ ಸಂದು ನನಗೂ ಸಾಕಾಗುತ್ತಿತ್ತು. “ನಾನೇ ಹೇಳಿದ್ದು,” ಎಂದೆ. “ಪೂರ್ತಿ ಗೊತ್ತಿಲ್ಲದೆ ಹೇಳಿದೆ. ತಪ್ಪಾಯಿತು.”

ಗಿರಿಜಕ್ಕ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಮೆಷಿನಿಗೆ ಹಾಕುವ ಎಣ್ಣೆ ನಿಮ್ಮ ನಾಲಿಗೆಗೂ ಹಾಕ್ತೀರಾ ಹೇಗೆ?” ಎಂದು ಕೇಳಿ, ಒಂದು ಲೋಟ ಮಜ್ಜಿಗೆ ತಂದುಕೊಡಲು ಮನೆಗೆ ಹೋದರು. ಐಸಮ್ಮನಿಗೆ ಉಪವಾಸ, ನಾನು ಬಿಸಿಲಲ್ಲಿ ಬಂದವನು, ಬಾಯಾರಿರುತ್ತೇನೆ ಎಂದು ಅವರಿಗೆ ಆ ಸಿಟ್ಟಿನಲ್ಲೂ ನೆನಪಿತ್ತು.

ಕೇಸಿನ ಅಂಚಿನಲ್ಲಿ ಒಂದು ಸಣ್ಣ ಮುಕ್ಕು ಬಿದ್ದಿತ್ತು. ದಾರ ಸಿಕ್ಕಿಕೊಳ್ಳದಂತೆ ಅದನ್ನು ಉಜ್ಜುಕಾಗದದಿಂದ ನಯ ಮಾಡಿ ಕೂರಿಸಿದೆ. ಆಮೇಲೆ ಮೆಟ್ಟಿಲಿನ ಒಂದು ಕಲ್ಲು ಎಬ್ಬಿಸಿದೆವು. ಒಳಗೆ ಹಿಂದಿನ ಎರಡೂ ಬಾಬಿನ್ ಕೇಸುಗಳು, ಮೂರು ಗುಂಡಿ, ಎರಡು ಅಡಿಕೆ, ಒಂದು ಖಾಲಿ ಬಸವನಹುಳದ ಚಿಪ್ಪು. ಒಡೆಯದ ಮೊಟ್ಟೆಗಳನ್ನೆಲ್ಲ ದೊರೆ ಮುಂದಕ್ಕೆ ಬೇಕಾದೀತೆಂದು ಜೋಪಾನ ಮಾಡಿತ್ತು.

ನಾನು ಹೊರಡುವಾಗ ಚಾಪೆ ಮತ್ತೆ ಹಾಸಿತ್ತು. ಪೆರ್ನಾಳಿಗೆ ಮೂವತ್ತೆರಡು ಉಡುಪುಗಳೂ ಮುಗಿದವು ಎಂದು ಹಬ್ಬದ ಮರುವಾರ ಕಾರ್ಡು ಬಂತು. ಬಾಬಿನ್ ಕೇಸ್ ಈಗ ಮುಚ್ಚಳವಿರುವ ಡಬ್ಬಿಯಲ್ಲಿದೆಯೆಂದೂ, ಕೋಳಿ ಪುನಃ ಮೊಟ್ಟೆ ಇಡುತ್ತಿದೆಯೆಂದೂ ಅದರಲ್ಲಿತ್ತು. ತೆಂಗಿನೆಣ್ಣೆ ನಿಲ್ಲಿಸಿದ ವಿಚಾರ ಇರಲಿಲ್ಲ. ಆರು ತಿಂಗಳೊಳಗೆ ಅಡೂರಿನ ತಂಗಿಗೆ ಒಂದು ಹಳೆಯ ಯಂತ್ರ ಹುಡುಕಿ, ನಾನೇ ಬಿಚ್ಚಿ ತೊಳೆದು ಕೂಡಿಸಿ ಕೊಟ್ಟೆ. ಅದು ನನ್ನ ತಪ್ಪುಕಾಣಿಕೆ.

ಅಂಗಡಿಯ ದುರಸ್ತಿ ಪುಸ್ತಕದಲ್ಲಿ ‘ದೋಷದ ಕಾರಣ’ ಎಂಬ ಕಾಲಮಿನಲ್ಲಿ ‘ಮುಂಗುಸಿ’ ಎಂದು ಬರೆದೆ. ಮ್ಯಾನೇಜರು ಕರೆದು, “ಇದು ಎಂತ, ಯಾವ ಪಾರ್ಟು?” ಎಂದು ಕೇಳಿದರು. ಕಥೆ ಹೇಳಿದಾಗ ಕನ್ನಡಕ ತೆಗೆದಿಟ್ಟು ನಕ್ಕರು. ಆದರೆ ಅರ್ಧ ಕಾರಣವನ್ನಷ್ಟೇ ನಾನು ಬರೆದಿದ್ದೆ. ಉಳಿದರ್ಧಕ್ಕೆ ಮುಂಗುಸಿ ಹೊಣೆಯಲ್ಲ.

ಆಮೇಲೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ. ಮೆಕ್ಯಾನಿಕ್ಕನಿಗೆ ಜನ ಅಡುಗೆಕೋಣೆಯವರೆಗೆ ದಾರಿ ಬಿಡುತ್ತಾರೆ. ಅವನ ಕಿವಿಗೆ ಬೀಳದ ಮಾತಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಪೆಟ್ಟಿಗೆಯನ್ನು ಮಾತ್ರ ಒಯ್ಯಬೇಕು ಎಂಬುದು ಪುತ್ತಿಗೆಯಲ್ಲಿ ನಾನು ಕಲಿತ ಪಾಠ. “ಪಕ್ಕದ ಮನೆಯವರು ಎಂತ ಹೇಳಿದರು ಮೇಸ್ತ್ರಿ?” ಎಂದು ಯಾರಾದರೂ ಕೇಳಿದರೆ, “ಯಂತ್ರಕ್ಕೆ ಎಣ್ಣೆ ಹಾಕಿ ಎಷ್ಟು ದಿನವಾಯಿತು?” ಎಂದು ನಾನು ತಿರುಗಿ ಕೇಳುತ್ತಿದ್ದೆ.