ಬಾವಿ ಹಸಿರಾದ ಬೇಸಿಗೆ

ನಾನು ಮದುವೆಯಾಗಿ ಇಳಕಲ್ಲಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಹುಡುಗಿಯರ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ; ಶಿಕ್ಷಕಿಯೆಂದು ಓಣಿಗೆಲ್ಲ ನಾನು ‘ಅಕ್ಕೋರು’. ನಮ್ಮ ಓಣಿಯ ನಡುವೆ ಒಂದು ಬಾವಿ. ಅದಕ್ಕಿಂತ ತುಸು ಎತ್ತರದಲ್ಲಿ, ಸೀರೆಯ ನೂಲಿಗೆ ಬಣ್ಣ ಹಾಕುವ ಒಬ್ಬ ಹಿರಿಯರ ಮನೆ. ಎಲ್ಲರಿಗೂ ಅವರು ಬಣ್ಣದ ಕಾಕಾ. ಮೊಣಕೈವರೆಗೆ ಕೆಂಪಾದ ಕೈ, ದೊಡ್ಡ ದನಿ.

ಆ ಬೇಸಿಗೆ ನನ್ನ ಗಂಡನ ಬಿಳಿ ಬನಿಯನ್ನುಗಳು ಒಗೆದಷ್ಟೂ ಗುಲಾಬಿಯಾಗತೊಡಗಿದವು. ಅತ್ತೆ ಮೊದಲು ನನ್ನ ಒಗೆತವನ್ನೇ ಅನುಮಾನಿಸಿದರು. ಬಾವಿಯ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿದು ತೋರಿಸಿದೆ. ತೆಳ್ಳಗೆ ಕೆಂಪಿತ್ತು. ಅಂದಿನಿಂದ ಕುಡಿಯುವ ನೀರಿಗೆ ಎಲ್ಲರೂ ಪಕ್ಕದ ಓಣಿಗೆ ಕೊಡ ಹೊತ್ತೆವು. ನಾನು ಲೋಟ ಹಿಡಿದು ಕಾಕಾನ ಮನೆಗೆ ಹೋದೆ.

“ಕಾಕಾರ, ನಿಮ್ಮ ಗಟಾರದ ನೀರು ಬಾವಿಗೆ ಇಳ್ಯಾಕತ್ತೈತಿ ಅನಸ್ತೈತ್ರಿ.”

“ಏ ಅಕ್ಕೋರ, ಇದು ಕೆಂಪು ಮಣ್ಣಿನ ಬಣ್ಣ. ನನ್ನ ಗಟಾರಕ್ಕೂ ಬಾವಿಗೂ ಏನ ಸಂಬಂಧ?”

“ಹಂಗಾದ್ರ ನಾಕು ದಿನ ಬರೇ ಹಸರ ಬಣ್ಣ ಹಾಕ್ರಿ. ಹಸರ ಮಣ್ಣಂತೂ ಇಲ್ಲಲ್ರಿ.”

ಕಾಕಾ ಲೋಟ ತೆಗೆದುಕೊಂಡು ತಾವೂ ಬಿಸಿಲಿಗೆ ಹಿಡಿದರು. ಒಳಗೆ ನೂಲು ಸುತ್ತುತ್ತಿದ್ದ ಅವರ ಹೆಂಡತಿ ಕೂಗಿದರು: “ಹೂಂ ಅನ್ರಿ. ಅಂಜಿಕಿ ಏನ ನಿಮಗ?”

“ಅಂಜಿಕಿ? ನನಗ?” ಎಂದು ಕಾಕಾ ಅಂದೇ ಹಸಿರಿನ ಹಂಡೆ ಹೂಡಿದರು.

ಮೂರನೆಯ ದಿನ ಬೆಳಿಗ್ಗೆ ನೆರೆಮನೆಯಾಕೆ ಬಾವಿಕಟ್ಟೆಯಿಂದಲೇ ಕೂಗಿದಳು: “ಅಕ್ಕೋರ, ಬಾವಿ ಹಸರಾತ್ರಿ!” ಓಣಿಯೆಲ್ಲ ಸೇರಿತು. ಕಾಕಾ ತಾವೇ ಒಂದು ಬಕೆಟ್ ಸೇದಿ ಬಹಳ ಹೊತ್ತು ನೋಡಿದರು. ಹಿರಿಯರನ್ನು ಹತ್ತು ಜನರೆದುರು ನಿಲ್ಲಿಸಿಬಿಟ್ಟೆನಲ್ಲ ಎಂದು ನಾನು ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಒಮ್ಮೆಲೇ ನಕ್ಕರು.

“ಬಣ್ಣ ಎಷ್ಟ ಪಕ್ಕಾ ಐತಿ ನೋಡ್ರಿ! ಖರೆ ಅಕ್ಕೋರ, ತಪ್ಪ ನಂದ ಐತಿ. ಈಗ ಏನ ಮಾಡೂಣು ಹೇಳ್ರಿ.”

ಅಷ್ಟು ದೂರ ನಾನು ಯೋಚಿಸಿರಲೇ ಇಲ್ಲ. ಎಲ್ಲರೂ ಕಟ್ಟೆಯ ಮೇಲೆ ಕೂತು ಮಾತಾಡಿದೆವು. ಪಂಪು ತರಿಸಿ ಬಾವಿ ಬರಿದು ಮಾಡಿದಾಗ, ಗಟಾರದ ಕಡೆಯ ಕಲ್ಲಿನ ಸಂದಿಯಿಂದ ಹಸಿರು ನೀರು ಜಿನುಗುವುದು ಕಣ್ಣಿಗೇ ಕಂಡಿತು. ಕಾಕಾ ಎಂಟು ದಿನ ಹಂಡೆ ಮುಚ್ಚಿದರು. ಕಲ್ಲಿನ ಗಣಿಯಲ್ಲಿ ಬಿಸಾಕಿದ್ದ ಕೆಂಪು ಕಲ್ಲಿನ ಚೂರುಗಳನ್ನು ಚಕ್ಕಡಿ ಗಾಡಿಯಲ್ಲಿ ತಂದು, ಸಂದಿಗೆ ಸಿಮೆಂಟು ತುಂಬಿ, ಹೊಸ ಗಟಾರ ಹಾಸಿದೆವು. ಓಣಿಯಾಚೆ ಇಳಿಜಾರಿನಲ್ಲಿ, ಬಾವಿಗಳಿಲ್ಲದ ಬಯಲಲ್ಲಿ, ಬಣ್ಣದ ನೀರಿಗೊಂದು ಗುಂಡಿ ತೋಡಿದೆವು. ಇಳಿಜಾರಿನ ಅಳತೆ ತಮಗೆ ಗೊತ್ತೆಂದು ನನ್ನ ಗಂಡ ಹಟ ಹಿಡಿದಿದ್ದರು. ಮೊದಲ ಕೊಡ ಸುರುವಿದಾಗ ನೀರು ಹಿಮ್ಮುಖವಾಗಿ ಹರಿದು ನೇರ ಕಾಕಾನ ಹೊಸ್ತಿಲಿಗೆ ಹೋಯಿತು. ಕಾಕಾನ ಹೆಂಡತಿ ನಕ್ಕೂ ನಕ್ಕೂ ಕೂತೇಬಿಟ್ಟರು. ಅರ್ಧ ಗಟಾರ ಕಿತ್ತು ಮತ್ತೆ ಹಾಸಬೇಕಾಯಿತು.

ಗುಂಡಿಗೆ ಹೋದ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಆಗ ಯಾರೂ ಕೇಳಲಿಲ್ಲ. ವಿಜ್ಞಾನದ ಶಿಕ್ಷಕಿಯಾದ ನಾನೂ ಕೇಳಲಿಲ್ಲ. ಆದರೆ ಎರಡು ಮಳೆ ಬಿದ್ದ ಮೇಲೆ ಬಾವಿ ತಿಳಿಯಾಯಿತು.

ಆ ದೀಪಾವಳಿಯ ಹೊತ್ತಿಗೆ ಮೇಲಿನ ಓಣಿಯವರು ತಮ್ಮ ಬಾವಿಗೂ ಯಾವುದೋ ಗಟಾರದ ನೀರು ಇಳಿಯುತ್ತಿದೆಯೆಂಬ ಚಿಂತೆ ಹೊತ್ತು ಬಂದರು. ನನ್ನ ಬಳಿಗಲ್ಲ, ಕಾಕಾನ ಬಳಿಗೆ. ಕಾಕಾ ಗಂಭೀರವಾಗಿ ಎಲ್ಲ ಕೇಳಿಸಿಕೊಂಡು ಅಂದರು: “ಪರೀಕ್ಷೆ ಮಾಡೂಣು. ಯಾವ ಬಣ್ಣ ಬೇಕು ಹೇಳ್ರಿ.”