ಅತ್ತೆಯ ಸಂಶಯ ಮತ್ತು ನಮ್ಮ ಅಂಗಳದ ನಳ

ನೀರು ಕುಡಿಯುವ ಮುನ್ನ ಅತ್ತೆ ಲೋಟವನ್ನು ಮೂಗಿನ ಹತ್ತಿರ ತರುತ್ತಿದ್ದರು. ಅವರ ಮೂಗುಬಟ್ಟು ಸ್ಟೀಲಿನ ಅಂಚಿಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ವಾಸನೆ ನೋಡಿ, ಬೆಳಕಿಗೆ ಹಿಡಿದು, ಆಮೇಲೆ ನೀರು ತಂದವರ ಕೈ ನೋಡುತ್ತಿದ್ದರು. ನಾನು ಬಬಲೇಶ್ವರದಿಂದ ಜೋರಾಪುರ ಪೇಟೆಯ ಆ ಮನೆಗೆ ಸೊಸೆಯಾಗಿ ಬಂದ ದಿನ ಅವರು ನನ್ನ ಮುಖಕ್ಕಿಂತ ಮೊದಲು ನೋಡಿದ್ದು ಉಗುರುಗಳನ್ನು.

ಅವರ ತವರು ಕನಮಡಿ. ಸಣ್ಣವರಿದ್ದಾಗ ಅಲ್ಲಿ ವಾಂತಿಭೇದಿಯಾಗಿ ಅವರ ತಮ್ಮ ತೀರಿಕೊಂಡಿದ್ದನಂತೆ. ಅದನ್ನು ಅವರು ಎಂದೂ ಆಡಲಿಲ್ಲ; ನನಗೆ ಹೇಳಿದ್ದು ಮಾವ.

ತಿಕೋಟಾದಲ್ಲಿ ಒಂದು ಮದುವೆಗೆ ಹೋದಾಗ ಎಲ್ಲರೂ ತಣ್ಣನೆಯ ಮಜ್ಜಿಗೆ ಕುಡಿದರೆ, ಇವರು ಚೀಲದಿಂದ ತಮ್ಮ ನೀರಿನ ಬಾಟಲಿ ತೆಗೆದರು. ಮದುವೆಮನೆಯ ಹೆಣ್ಣುಮಗಳಿಗೆ ಬೇಸರವಾಯಿತು.

"ನಮ್ಮ ಮಜ್ಜಿಗಿಗೆ ಏನಾಗೇತ್ರಿ ಅಕ್ಕಾರ?"

"ಮಜ್ಜಿಗಿಗೆ ಏನೂ ಆಗಿಲ್ಲವಾ. ಅದರಾಗಿನ ಬರ್ಫ ಯಾವ ನೀರಿಂದು ಅಂತ ನಿನಗ ಗೊತ್ತೈತೇನು?"

ಆಕೆಗೆ ಗೊತ್ತಿರಲಿಲ್ಲ. ಆ ಮನೆಯವರು ಬಹಳ ದಿನ ನಮ್ಮೊಂದಿಗೆ ಮಾತು ಬಿಟ್ಟರು.

ಇಂಥ ಅತ್ತೆಗೆ ಸಂಶಯವೇ ಬರದಿದ್ದದ್ದು ನಮ್ಮ ಅಂಗಳದ ನಳದ ಮೇಲೆ. ನಮ್ಮ ನಳ ತಗ್ಗಿನಲ್ಲಿದ್ದುದರಿಂದ ನೀರು ಬಿಟ್ಟ ದಿನ ಜೋರಾಗಿ ಬರುತ್ತಿತ್ತು. ಅಕ್ಕಪಕ್ಕದವರೂ ಕುಡಿಯುವ ನೀರಿಗೆ ಕೊಡ ತರುತ್ತಿದ್ದರು. ಅದು ಅತ್ತೆಗೆ ಒಂದು ಹೆಮ್ಮೆ. ಊರ ನೀರನ್ನೆಲ್ಲ ಕುದಿಸಿ ಕುಡಿ ಎನ್ನುವವರು ನಮ್ಮ ನಳದ ನೀರನ್ನು ಮಾತ್ರ ಹಾಗೆಯೇ ಕುಡಿಯುತ್ತಿದ್ದರು.

ಒಂದು ಮಳೆಗಾಲದ ಆರಂಭದಲ್ಲಿ ನನ್ನ ಮಗಳಿಗೆ ವಾಂತಿ, ಭೇದಿ ಶುರುವಾಯಿತು. ಆಗ ಅವಳಿಗೆ ನಾಲ್ಕು ವರ್ಷ. ಪಕ್ಕದ ಮನೆಗಳ ಮಕ್ಕಳಿಗೂ ಅದೇ. ಎಲ್ಲರೂ ಹಿಂದಿನ ಸಂಜೆ ಓಣಿಗೆ ಬರುವ ಭೇಲ್ ಗಾಡಿಯಲ್ಲಿ ತಿಂದಿದ್ದರು. ಮರುದಿನ ಗಾಡಿ ಬಂದಾಗ ಮೊದಲು ಅಡ್ಡ ನಿಂತವರು ಅತ್ತೆಯೇ.

"ಏನ ಹಾಕಿ ಕೊಟ್ಟಿಯೋ ಹುಡುಗರಿಗೆ?"

"ಅಮ್ಮಾರ, ನನ್ನ ಮಕ್ಕಳೂ ಇದನ್ನ ತಿಂತಾವ್ರಿ," ಎಂದ ಅವನು. ಅಷ್ಟರಲ್ಲಿ ಸುತ್ತ ಮಂದಿ ಸೇರಿದ್ದರು, ಯಾರೋ ಗಾಡಿ ಹಿಡಿದು ಅಲುಗಾಡಿಸಿದರು. ಅವನು ಗಾಡಿ ತಿರುಗಿಸಿಕೊಂಡು ಹೋದ. ಮರುದಿನ ನಮ್ಮ ಓಣಿಗೆ ಬರಲಿಲ್ಲ.

ಮಗಳ ಭೇದಿ ನಿಲ್ಲಲಿಲ್ಲ. ನೋಡಲು ಬಂದ ನೆರೆಯಾಕೆ, "ನೀರ ಕೊಡಬ್ಯಾಡ್ರಿ, ಕೊಟ್ಟಷ್ಟೂ ಹೊರಗ ಹೋಕ್ಕೈತಿ," ಎಂದಳು. ನಾನು ಲೋಟ ಕೆಳಗಿಟ್ಟೆ. ಅತ್ತೆ ಅವಳನ್ನೇ ದಿಟ್ಟಿಸಿದರು.

"ಒಣಗಿದ ಹೊಲಕ್ಕ ನೀರ ಬಿಡಬ್ಯಾಡ ಅಂತೀಯಲ್ಲಬೇ ನೀ."

ಕೂಸಿನ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಚಿವುಟಿದ ಚರ್ಮ ಕೆಳಗಿಳಿಯದೆ ಮಡಿಕೆಯಾಗಿಯೇ ನಿಂತಿತು. ಮಗಳು ಅಳುತ್ತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ. "ಏಳು, ದವಾಖಾನಿಗಿ ಹೋಗೂಣು. ಗಂಡ ಬರ್ಲಿ ಅಂತ ಕುಂದರಬ್ಯಾಡ," ಎಂದರು. ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಪುಡಿ ತೆಗೆದುಕೊಂಡು, ಕಾಯಿಲೆಯ ಕೂಸಿಗೆಂದು ಮನೆಯಲ್ಲಿ ಕುದಿಸಿ ಆರಿಸಿ ಬಾಟಲಿಯಲ್ಲಿ ತಂದಿದ್ದ ನೀರಿನಲ್ಲಿ ಕಲಸಿ, ಆಟೋದಲ್ಲಿ ದಾರಿಯುದ್ದಕ್ಕೂ ಚಮಚದಿಂದ ಹನಿಹನಿಯಾಗಿ ಕುಡಿಸಿದರು. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಕುಡಿಸಿದರು.

ಅಥಣಿ ರಸ್ತೆಯ ದವಾಖಾನೆಯಲ್ಲಿ ಸಲೈನ್ ಹಚ್ಚಿದ ಡಾಕ್ಟರು, "ಇನ್ನೂ ತಡ ಮಾಡಿದ್ರ ಕೂಸು ಕೈಗೆ ಸಿಗತಿರಲಿಲ್ಲ," ಎಂದರು. ಆಮೇಲೆ ಕುಡಿಯುವ ನೀರು ಯಾವುದೆಂದು ಕೇಳಿದರು.

"ನಮ್ಮ ನಳದ್ದರಿ. ಕನ್ನಡಿ ಇದ್ದಂಗ ಅದಾವು."

"ಇದು ಕಣ್ಣಿಗೆ ಕಾಣೂದಿಲ್ಲ, ಮೂಗಿಗೂ ಸಿಗೂದಿಲ್ಲರಿ ಅಮ್ಮಾರ."

ಅತ್ತೆಗೆ ಸಿಟ್ಟು ಬಂತು. ಆದರೆ ಮಗ್ಗುಲ ಮಂಚದಲ್ಲಿ ನಮ್ಮ ಎದುರು ಮನೆಯ ಹಸುಗೂಸು ಮಲಗಿತ್ತು. ಅದಕ್ಕೂ ಭೇದಿ. ಇನ್ನೂ ಹಲ್ಲು ಬರದ ಕೂಸು, ಭೇಲ್ ತಿನ್ನುವುದಾದರೂ ಹೇಗೆ? ಅದರ ತಾಯಿ ನಮ್ಮ ನಳದ ನೀರಿನಲ್ಲೇ ಹಾಲಿನ ಪುಡಿ ಕಲಸುತ್ತಿದ್ದಳು. ಅತ್ತೆ ಆ ಕೂಸನ್ನು ನೋಡುತ್ತ ಬಹಳ ಹೊತ್ತು ಕುಳಿತರು.

ಮರುದಿನ ಬೆಳಿಗ್ಗೆ ಮನೆಗೆ ಹೋಗಿ ನಳದವನನ್ನು ಕರೆಸಿ ಅಗೆಸಿದರು. ನಮ್ಮ ಪೈಪು ಚರಂಡಿಯ ಕೆಳಗೆ ಹಾದಿತ್ತು, ಅದರ ಜೋಡಣೆ ತುಕ್ಕು ಹಿಡಿದು ಬಿರುಕು ಬಿಟ್ಟಿತ್ತು. ನೀರು ನಿಂತಾಗ ಪೈಪು ಖಾಲಿಯಾಗಿ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತಿತ್ತು.

"ಮುಚ್ಚಿ ರಿಪೇರಿ ಮಾಡಸೂಣು, ಯಾರಿಗೂ ಹೇಳೂದು ಬ್ಯಾಡ," ಎಂದರು ಮಾವ.

ಅತ್ತೆ ಸೆರಗು ಸರಿಮಾಡಿಕೊಂಡು ಹೊರಬಿದ್ದರು. ಮನೆಮನೆಯ ಬಾಗಿಲಲ್ಲಿ ನಿಂತು, "ನಮ್ಮ ನೀರಾಗ ಹೊಲಸ ಸೇರೇತಿ. ತುಂಬಿಟ್ಟಿದ್ದನ್ನ ಚೆಲ್ಲರಿ. ಹೊಸಾ ನೀರು ಕುದಿಸಿ ಕುಡೀರಿ," ಎಂದು ಹೇಳಿದರು. ಕೆಲವರು ಬೈದರು. ಅತ್ತೆ ನಿಂತು ಕೇಳಿಸಿಕೊಂಡರು.

ಸಂಜೆ ಭೇಲ್ ಗಾಡಿಯವನನ್ನು ಹುಡುಕಿಕೊಂಡು ಅವನ ಮನೆಗೇ ಹೋದರು. "ತಪ್ಪು ನಿಂದಲ್ಲಪಾ, ನಮ್ಮ ನಳದ್ದು. ನಾಳಿಂದ ಓಣಿಗೆ ಬಾ. ಯಾರರ ಏನರ ಅಂದ್ರ ನನ್ನ ಹೆಸರು ಹೇಳು," ಎಂದರು. ಅವನು ಕಟ್ಟೆಯ ಮೇಲೆ ಕೂರಿಸಿ ಭೇಲ್ ಕಲಸತೊಡಗಿದ. ಹೊರಗೆ ಎಂದೂ ಏನೂ ತಿನ್ನದ ಅತ್ತೆ, "ಮೊದಲ ಸಾಬಾಣ ಹಚ್ಚಿ ಕೈ ತೊಳಕೊ," ಎಂದರು. ಅವನು ನಕ್ಕು ತೊಳೆದುಕೊಂಡ. ಅವರು ತಿಂದರು.

ಹೋದ ಚಳಿಗಾಲದಲ್ಲಿ ಅತ್ತೆ ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಕೊಡುವಾಗ ಓಣಿಯ ಮಂದಿಯೆಲ್ಲ ಬಂದಿದ್ದರು. ಎಲ್ಲರ ನಡುವೆ ನನ್ನ ಮಗಳೂ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಅವಳು ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ.