ಬಾಚಿ ಗುರುತಿನ ಬಾಗಿಲು

ಕಾಯ್ಕಿಣಿಯ ವಿಶ್ವನಾಥ ಆಚಾರಿಗೆ ಸಿಟ್ಟು ಬರುವುದು ತಡ, ಬಂದರೆ ಇಳಿಯುವುದು ಇನ್ನೂ ತಡ. ಮರ ಕೆತ್ತುವ ಬಾಚಿ ಬೀಸಿ ಬೀಸಿ ಅವನ ಬಲಭುಜ ಕೈಕೊಟ್ಟಿತ್ತು. ಅಂಗಿ ತೊಡಲೂ ಹೆಂಡತಿ ಮಾಲತಿ ಬೇಕು ಎಂಬಲ್ಲಿಗೆ ಬಂದಾಗ ಹಲಗೆ ನುಣುಪು ಮಾಡುವ ಕರೆಂಟಿನ ಕೀಸುಳಿ ಮಷೀನು ಕೊಂಡ. ಅಪ್ಪನಿದ್ದರೆ ಮೆಚ್ಚುತ್ತಿದ್ದ ಎಂದು ಅವನಿಗೆ ಖಾತ್ರಿಯಿತ್ತು. ಹಲಗೆಯ ಮೇಲೆ ಬಾಚಿಯ ಗುರುತು ಉಳಿದರೆ ಅಪ್ಪ ಕಿವಿ ಹಿಂಡುತ್ತಿದ್ದ. ಗುರುತು ಕಂಡರೆ ಕೆಲಸ ಮುಗಿದಿಲ್ಲ ಎಂದೇ ಆ ಮನೆಯ ಲೆಕ್ಕ.

ಮುರ್ಡೇಶ್ವರದ ಹತ್ತಿರ ಹೋಂಸ್ಟೇ ನಡೆಸುತ್ತ ಹೊಸ ಕೋಣೆ ಕಟ್ಟಿಸುತ್ತಿದ್ದ ಮಧುಸೂದನ ಅವನಿಂದ ಹಲಸಿನ ಮರದ ಬಾಗಿಲು ಮಾಡಿಸಿದ. ವಿಶ್ವನಾಥ ಅದನ್ನು ಕೂರಿಸಿ ಅಂಗೈಯಿಂದ ಸವರಿದ, ಎಲ್ಲೂ ತಡೆಯಲಿಲ್ಲ. ಮಧುಸೂದನ ಮಾತ್ರ ಮೂಗು ಮುರಿದ. ಬಂದವರಿಗೆ ಕೈಕೆಲಸ ಕಾಣಬೇಕಂತೆ, ಮೇಲಿಂದ ಬಾಚಿ ಹೊಡೆದು ಗುರುತು ಮಾಡಿಕೊಡಬೇಕಂತೆ. ಸಾಲದ್ದಕ್ಕೆ ಅತಿಥಿಗಳ ಎದುರು ಮಷೀನು ಮುಚ್ಚಿಟ್ಟು ಬಾಚಿ ಹಿಡಿದು ಕೂರಬೇಕಂತೆ.

ವಿಶ್ವನಾಥನ ಮೈಯೆಲ್ಲ ಉರಿಯಿತು. ಮರ ಕೊಯ್ಯಲು ಮಿಲ್ಲು, ಸಿಮೆಂಟು ಕಲಸಲು ಮಷೀನು, ಬಾವಿಗೆ ಪಂಪು, ಎಲ್ಲ ಬೇಕು ಈ ಮನುಷ್ಯನಿಗೆ. ಆಚಾರಿಯ ಭುಜವೊಂದು ಮಾತ್ರ ಅಜ್ಜನ ಕಾಲದ್ದಾಗಿರಬೇಕು. ಆಗುವುದಿಲ್ಲ ಎಂದವನೇ ಮಷೀನು ಎತ್ತಿಕೊಂಡು ಬಂದುಬಿಟ್ಟ.

ಕೆಲವು ದಿನದ ಮೇಲೆ ಆ ಕಡೆ ಹೋಗಿದ್ದ ಮಾಲತಿ ಮುಖ ಸಣ್ಣದು ಮಾಡಿಕೊಂಡು ಬಂದಳು. ಬೇರೆ ಯಾರಿಂದಲೋ ಬಾಗಿಲಿಗೆ ಬಾಚಿಯ ಕಚ್ಚು ಹೊಡೆಸಿದ್ದಾರೆ, ನೋಡಲು ಸಾಧ್ಯವಿಲ್ಲ ಎಂದಳು. ಅದಕ್ಕಿಂತ ದೊಡ್ಡದನ್ನು ಕೊನೆಗೆ ಹೇಳಿದಳು.

"ಬಂದವ್ರಿಗೆಲ್ಲ ನಿಮ್ಮ ಹೆಸ್ರೇ ಹೇಳ್ತ್ರು. ಕಾಯ್ಕಿಣಿ ವಿಶ್ವನಾಥ ಆಚಾರ್ರ ಕೈಕೆಲ್ಸ ಅಂತ."

ಭುಜ ಹೋಗಿದ್ದನ್ನು ಸಹಿಸಿದ್ದ. ಅಪ್ಪನಿಂದ ಬಂದ ಹೆಸರು ಹೋಗುವುದನ್ನು ಸಹಿಸಲಾಗಲಿಲ್ಲ. ಮಷೀನು ತೆಗೆದುಕೊಂಡು ಸೀದಾ ಹೋದ. ಅಲ್ಲಿದ್ದ ಗಾರೆಯವರ ಕೈ ಹಿಡಿಸಿ ಬಾಗಿಲು ಕಳಚಿ ಅಂಗಳದಲ್ಲಿ ಮಲಗಿಸಿದ, ಜಗಲಿಯ ಪ್ಲಗ್ಗಿಗೆ ವಯರು ಸಿಕ್ಕಿಸಿದ. ಅತಿಥಿಗಳು ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಮಧುಸೂದನ ಓಡಿ ಬಂದ.

"ಎಂತ ಮಾಡ್ತ್ರಿ ಆಚಾರ್ರೇ?"

"ಕೆಲ್ಸ ಮುಗ್ಸ್ತೆ," ಎಂದ ವಿಶ್ವನಾಥ.

ಮಷೀನು ಮೊರೆಯತೊಡಗಿತು. ಹಲಸಿನ ಹಳದಿ ಹೊಟ್ಟು ಅತಿಥಿಗಳ ಚಪ್ಪಲಿಯ ಮೇಲೆಲ್ಲ ಬಿತ್ತು. ಕೊನೆಯ ಕಚ್ಚು ಅಳಿಸುವವರೆಗೂ ಅವನು ತಲೆ ಎತ್ತಲಿಲ್ಲ. ಆಮೇಲೆ ಸ್ವಿಚ್ಚು ಆರಿಸಿ, ಮಧುಸೂದನನ ಅಂಗೈ ಹಿಡಿದು ಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದ.

"ಈಗ ಹೇಳಿ ನನ್ನ ಹೆಸ್ರು."